ಸ್ವಂತ ಉದ್ಯಮ ಮಾಡಿ ಅಂತ ಹುರಿದುಂಬಿಸಿದರೆ ಮನೆಗೆ, ಊರಿಗೆ, ಮನಸ್ಸಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಾಲ ಎಷ್ಟು ಸಿಗುತ್ತದೆ, ಅರ್ಜಿ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅರ್ಜಿ ಹಿಡಿದು ಬರುವವರ ಜೊತೆ ಕೂತು ಕಾಗದಪತ್ರ ನೋಡುವುದು ನನ್ನ ಕೆಲಸ. ಕಾಗದ ಎಲ್ಲ ಮುಗಿದ ಮೇಲೆ, ಚಹಾ ಕುಡಿಯುವಾಗ, ಅವರು ಬೇರೆ ಥರದ ಪ್ರಶ್ನೆ ಕೇಳುತ್ತಾರೆ. ಅತ್ತೆ ಏನನ್ನುತ್ತಾರೆ, ಮುಳುಗಿದರೆ ಗತಿಯೇನು, ರಾತ್ರಿ ನಿದ್ದೆ ಬರುತ್ತದಾ ಅಂತ. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಕರ್ನಾಟಕದವು.

"ಕೆಲಸ ಹುಡುಕಬೇಡಿ, ಕೆಲಸ ಕೊಡುವವರಾಗಿ" ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ನಿಜಕ್ಕೂ ಎಲ್ಲರೂ ಉದ್ಯಮಿ ಆಗಬೇಕಾ?

ಬೇಡ. ತಿಂಗಳ ಸಂಬಳ ತರುವ ಕೆಲಸ ಕೈಯಲ್ಲಿದ್ದು, ಅದು ನಿಮಗೆ ಹೊಂದಿಕೊಂಡಿದ್ದರೆ, ಭಾಷಣ ಕೇಳಿ ಅದನ್ನು ಬಿಡುವ ಅಗತ್ಯ ಇಲ್ಲ.

ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆ ಪ್ರಕಾರ 2017-18ರಲ್ಲಿ ದೇಶದಲ್ಲಿ ದುಡಿಯುವವರ ಪೈಕಿ ಶೇ 52.2 ಜನ ಸ್ವಂತ ದುಡಿಮೆಯವರು. 2023-24ಕ್ಕೆ ಅದು ಶೇ 58.4 ಆಯಿತು. ಇದನ್ನು ತೋರಿಸಿ "ನೋಡಿ, ದೇಶದಲ್ಲಿ ಉದ್ಯಮಶೀಲತೆ ಬೆಳೆಯುತ್ತಿದೆ" ಅನ್ನುವವರಿದ್ದಾರೆ. ಆದರೆ ಆ ಲೆಕ್ಕದಲ್ಲಿ ಒಂದೆಕರೆ ಹೊಲದವನೂ ಇದ್ದಾನೆ, ತಳ್ಳುಗಾಡಿಯವನೂ ಇದ್ದಾನೆ. ಗಂಡನ ಅಂಗಡಿಯಲ್ಲಿ ಒಂದು ರೂಪಾಯಿ ಸಂಬಳ ಇಲ್ಲದೆ ದಿನವಿಡೀ ಕೂರುವ ಸೊಸೆಯೂ ಇದ್ದಾಳೆ. ಬೇರೆ ಕೆಲಸ ಸಿಗದೆ ಅಂಗಡಿ ಇಟ್ಟವರು ಮತ್ತು ಇಷ್ಟಪಟ್ಟು ಅಂಗಡಿ ಇಟ್ಟವರು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.

ನನ್ನ ಮುಂದೆ ಕೂರುವವರಲ್ಲಿ ಮೊದಲನೆಯವರೇ ಜಾಸ್ತಿ. ಅದು ತಪ್ಪು ಅಂತಲ್ಲ. ಆದರೆ ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಆಗುವುದಿಲ್ಲ. ಇನ್ನೊಂದು ವಿಷಯ. ಸಂಬಳದ ಕೆಲಸದಲ್ಲಿ ವ್ಯಾಪಾರ ಬಿದ್ದರೆ ಮೊದಲ ಪೆಟ್ಟು ಮಾಲೀಕನಿಗೆ. ಸ್ವಂತ ಉದ್ಯಮದಲ್ಲಿ ಆ ಪೆಟ್ಟು ನೇರವಾಗಿ ಅಡುಗೆಮನೆಗೆ ಬರುತ್ತದೆ. ಕೆಳಗಿನ ಮುಕ್ಕಾಲು ಪಾಲು ಪ್ರಶ್ನೆಗಳು ಹುಟ್ಟುವುದೇ ಇಲ್ಲಿಂದ.

ವ್ಯಾಪಾರದ ಬುದ್ಧಿ ರಕ್ತದಲ್ಲೇ ಇರಬೇಕು ಅಂತಾರೆ. ತರಬೇತಿಯಿಂದ ಬರುತ್ತದಾ?

ಈ ಪ್ರಶ್ನೆಗೆ ನಮ್ಮ ಪಕ್ಕದ ಆಂಧ್ರದಲ್ಲೇ ಒಂದು ಪ್ರಯೋಗ ನಡೆದಿತ್ತು. 1964ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲ್ಯಾಂಡ್ ಅವರ ತಂಡ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ತರಬೇತಿ ಕೊಟ್ಟಿತು. ಯಂತ್ರದ ಪಾಠ ಅಲ್ಲ, ಲೆಕ್ಕದ ಪಾಠವೂ ಅಲ್ಲ. ಗುರಿ ಇಟ್ಟುಕೊಳ್ಳುವುದು, ಎಷ್ಟು ಅಪಾಯ ಹೊರಬಹುದು ಅಂತ ಅಳೆಯುವುದು, ಸೋತರೆ ಯಾಕೆ ಸೋತೆ ಅಂತ ನೋಡುವುದು, ಇಂಥ ಮನಸ್ಸಿನ ಅಭ್ಯಾಸಗಳ ಪಾಠ. ಆಮೇಲೆ ನೋಡಿದರೆ, ತರಬೇತಿ ಪಡೆದವರಲ್ಲಿ ವ್ಯಾಪಾರ ಬೆಳೆಸಿದವರ ಪ್ರಮಾಣ ಪಡೆಯದವರಿಗಿಂತ ಜಾಸ್ತಿ ಇತ್ತು. ಜಾತಿ, ಸಂಪ್ರದಾಯ ಅಡ್ಡ ಬರುತ್ತದೆ ಅಂತ ಹಲವರು ಊಹಿಸಿದ್ದರು. ಆ ಊಹೆ ಸುಳ್ಳಾಯಿತು. ದೇಶದ ತುಂಬ ಈಗ ನಡೆಯುವ ಉದ್ಯಮಶೀಲತಾ ತರಬೇತಿಗಳ ಬೇರು ಅಲ್ಲಿದೆ.

ನಮ್ಮಲ್ಲಿ ಇದು ಹಳ್ಳಿಗೆ ಇಳಿದಿದ್ದು ಉಜಿರೆಯಿಂದ. 1982ರಲ್ಲಿ ಧರ್ಮಸ್ಥಳದ ಎಸ್‌ಡಿಎಂ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದವು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಇದೇ ಮಾದರಿ ಹಿಡಿದು ಕೇಂದ್ರ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ ಕೇಂದ್ರ ಮಾಡಿಸಿತು. ಜಿಲ್ಲೆಯ ಬ್ಯಾಂಕುಗಳಿಗೆಲ್ಲ ಮುಂದಾಳಾದ ಲೀಡ್ ಬ್ಯಾಂಕ್ ಅದನ್ನು ನಡೆಸುತ್ತದೆ.

ಆ ಮಾದರಿಯಲ್ಲಿ ನನಗೆ ದೊಡ್ಡದು ಅನ್ನಿಸುವುದು ತರಬೇತಿ ಅಲ್ಲ, ಆಮೇಲಿನ ಎರಡು ವರ್ಷ. ಕಲಿತು ಹೋದವರನ್ನು ಎರಡು ವರ್ಷ ಬೆನ್ನು ಹತ್ತಿ ವಿಚಾರಿಸಬೇಕು ಅನ್ನುವುದು ಅಲ್ಲಿನ ನಿಯಮ. ಶುರು ಮಾಡಿದರಾ, ಸಾಲ ಸಿಕ್ಕಿತಾ, ಎಲ್ಲಿ ಕಷ್ಟವಾಯಿತು ಅಂತ ಕೇಳಬೇಕು. ಒಂದು ದಿನದ ಕಾರ್ಯಾಗಾರ ಮಾಡಿ, ಪ್ರಮಾಣಪತ್ರ ಕೊಟ್ಟು, ಗುಂಪು ಫೋಟೋ ತೆಗೆದು ಕಳಿಸುವವರು ಬೇಕಾದಷ್ಟಿದ್ದಾರೆ. ಆರು ತಿಂಗಳ ಮೇಲೆ ಫೋನ್ ಮಾಡುವವರು ಕಡಿಮೆ. ಉತ್ಸಾಹ ತುಂಬಿಸಿ ಕೈಬಿಟ್ಟರೆ, ತುಂಬಿಸದೇ ಇದ್ದಿದ್ದಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತದೆ.

ಹೆಂಗಸರು ಉದ್ಯಮ ಮಾಡಿದರೆ ಮನೆಯಲ್ಲಿ ಅವರ ಮಾತು ನಡೆಯುತ್ತದಾ?

ನಡೆಯುತ್ತದೆ. ಆದರೆ ಯೋಜನೆಯ ಕರಪತ್ರದಲ್ಲಿ ಬರೆದ ಹಾಗೆ ಅಲ್ಲ.

ಉತ್ತರ ಕರ್ನಾಟಕದಲ್ಲಿ ಖಡಕ್ ರೊಟ್ಟಿ ಮಾಡುವ ಮನೆಯೊಂದಕ್ಕೆ ಹೋಗಿ ನೋಡಿ. ಊರಿನ್ನೂ ಏಳದ ಹೊತ್ತಿಗೆ ಒಲೆ ಹತ್ತಿರುತ್ತದೆ. ಮಾಲ್ದಂಡಿ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವವಳು ಒಬ್ಬಳು, ಬಡಿಯುವವರು ಇಬ್ಬರು, ಹಂಚಿನ ಮುಂದೆ ಒಬ್ಬಳು. ಬಿಸಿಲೇರುವ ಮುಂಚೆ ಖಾನಾವಳಿಗಳಿಗೆ ಮೆತ್ತನೆ ರೊಟ್ಟಿ ಹೋಗಬೇಕು. ಖಡಕ್ ಆದದ್ದು ಪ್ಯಾಕೆಟ್ ಆಗಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಜೊತೆ ಬೆಂಗಳೂರು ಬಸ್ಸಿಗೆ ಏರಬೇಕು. ಜೋಳದ ರೇಟು ಏರಿದರೆ ರೊಟ್ಟಿ ರೇಟು ಏರಿಸುವ ಹಾಗಿಲ್ಲ, ಗಿರಾಕಿ ಪಕ್ಕದ ಓಣಿಗೆ ಹೋಗುತ್ತಾನೆ. ಮದುವೆ ಸೀಸನ್ನಿನಲ್ಲಿ ಕೂರಲು ಪುರುಸೊತ್ತಿಲ್ಲ, ಸೀಸನ್ ಮುಗಿದರೆ ಹಂಚು ತಣ್ಣಗೆ.

ಅಂಥ ಒಂದು ಮನೆಯಲ್ಲಿ ಯಜಮಾನರು ನನ್ನ ಹತ್ತಿರ ನಕ್ಕೋತ ಹೇಳಿದ್ದರು: "ಏನ್ ಮಾಡೋದ್ರೀ, ಈಗ ಆಕೀನ ಯಜಮಾನಿ. ಬೈಕಿಗೆ ಪೆಟ್ರೋಲ್ ಹಾಕ್ಸೂ ರೊಕ್ಕಾನೂ ಆಕೀನ್ನ ಕೇಳಬೇಕು." ನಗುವಿನ ಒಳಗೆ ಸ್ವಲ್ಪ ಇರಿಸುಮುರಿಸೂ ಇತ್ತು. ಆಕೆ ಮಾತ್ರ ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ರೊಕ್ಕ ಕೇಳ್ತಾರ ಖರೆ, ಒಂದು ಕೊಡ ನೀರು ತಾ ಅಂದ್ರ ಏಳಂಗಿಲ್ಲ" ಅಂದರು.

ಆ ಒಂದು ಮಾತಿನಲ್ಲಿ ಇಡೀ ವಿಷಯ ಇದೆ. ಹಣದ ಮೇಲೆ ಹೆಂಗಸಿನ ಹಿಡಿತ ಬೇಗ ಬರುತ್ತದೆ, ಮನೆಗೆಲಸ ಮಾತ್ರ ಅಲ್ಲಾಡುವುದಿಲ್ಲ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ ಅಂತ ಬಂದಿದೆ. ಗಂಡಸರದು 88 ನಿಮಿಷ. ಉದ್ಯಮ ಶುರು ಮಾಡಿದಾಗ ಈ 289 ನಿಮಿಷ ಕರಗಿ ಹೋಗುವುದಿಲ್ಲ. ಅದರ ಮೇಲೆ ಹೊಸ ಕೆಲಸ ಕೂರುತ್ತದೆ, ಕಡಿಮೆಯಾಗುವುದು ಅವಳ ನಿದ್ದೆ. ಕೆಲವು ಮನೆಗಳಲ್ಲಿ ಆ ಹೊರೆ ದೊಡ್ಡ ಮಗಳ ಹೆಗಲಿಗೆ ಜಾರುತ್ತದೆ. ಅವಳು ಎಸ್‌ಎಸ್‌ಎಲ್‌ಸಿ ವರ್ಷದಲ್ಲಿದ್ದರೂ ಅಷ್ಟೇ.

ಹಾಗಂತ ಬೇಡವಾ? ನನ್ನ ಅನಿಸಿಕೆ ಕೇಳಿದರೆ, ಬೇಕು. ಬ್ಯಾಂಕಿನಲ್ಲಿ ತಾನೇ ಸಹಿ ಹಾಕಿ ಹಣ ತೆಗೆದ ಹೆಂಗಸು ಮುಂದಿನ ಸಲ ಮನೆಯ ಜಗಳದಲ್ಲಿ ಬೇರೆ ಥರ ನಿಲ್ಲುತ್ತಾಳೆ. ಮಗಳ ಮದುವೆಯನ್ನು ಎರಡು ವರ್ಷ ಮುಂದೂಡೋಣ ಅನ್ನುವ ಧೈರ್ಯ ಬರುತ್ತದೆ. ಬೆಂಗಳೂರಿನಲ್ಲಿ 1983ರಲ್ಲೇ ಮಹಿಳಾ ಉದ್ಯಮಿಗಳು ತಮ್ಮದೇ ಸಂಘಟನೆ 'ಅವೇಕ್' ಕಟ್ಟಿಕೊಂಡಿದ್ದರು. ಸಾಲಕ್ಕೆ ಹೋದರೆ "ಯಜಮಾನರನ್ನು ಕರ್ಕೊಂಡು ಬನ್ನಿ" ಅಂತಿದ್ದ ಕಾಲ ಅದು. ಈಗ ಹಾಗೆ ಬಾಯಿಬಿಟ್ಟು ಹೇಳುವವರು ಕಡಿಮೆ, ಮುಖದಲ್ಲಿ ತೋರಿಸುವವರು ಇನ್ನೂ ಇದ್ದಾರೆ. 2013-14ರ ಆರನೇ ಆರ್ಥಿಕ ಗಣತಿಯಲ್ಲಿ ಮಹಿಳೆಯರ ಒಡೆತನದ ಘಟಕಗಳು ಶೇ 13.76 ಮಾತ್ರ ಇದ್ದವು. ದಾರಿ ಇನ್ನೂ ಉದ್ದ ಇದೆ.

ಹೆಂಡತಿ ಹೆಸರಲ್ಲಿ ಸಾಲ ತೆಗೆದು ಗಂಡ ವ್ಯವಹಾರ ಮಾಡಬಹುದಾ?

ಮಾಡುವವರು ಬಹಳ ಜನ. ಮಹಿಳೆಯರಿಗೆ ಸಬ್ಸಿಡಿ ಜಾಸ್ತಿ, ಅದಕ್ಕೇ ಈ ಆಸೆ. ಆದರೆ ಕಂತು ತಪ್ಪಿದಾಗ ನೋಟಿಸ್ ಬರುವುದು ಅವಳ ಹೆಸರಿಗೆ, ಸಿಬಿಲ್, ಅಂದರೆ ಸಾಲ ಸರಿಯಾಗಿ ಕಟ್ಟಿದ ದಾಖಲೆಯ ಅಂಕ, ಕೆಡುವುದು ಅವಳದು. ಅಕ್ಕಂದಿರಿಗೆ ನಾನು ಹೇಳುವುದು ಇಷ್ಟೇ: ವ್ಯಾಪಾರದ ಖಾತೆಯ ಪಾಸ್‌ಬುಕ್ ಮತ್ತು ಫೋನಿನ ಒಟಿಪಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ತೆಗೆದು ಉದ್ಯಮ ಶುರು ಮಾಡಿದರೆ ಬಡತನ ಹೋಗುತ್ತದಾ?

ಸಣ್ಣ ಸಾಲ ಕೊಟ್ಟರೆ ಪ್ರತಿ ಬಡ ಹೆಂಗಸೂ ಉದ್ಯಮಿ ಆಗುತ್ತಾಳೆ ಅನ್ನುವ ನಂಬಿಕೆ ಜಗತ್ತಿನಲ್ಲೆಲ್ಲ ಹಬ್ಬಿತ್ತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಮತ್ತು ಮುಹಮ್ಮದ್ ಯೂನುಸ್ ಅವರಿಗೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು.

ಅದು ನಿಜವಾ ಅಂತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು ಹೈದರಾಬಾದಿನ 104 ಬಡಾವಣೆಗಳಲ್ಲಿ ಪರೀಕ್ಷಿಸಿ ನೋಡಿದರು. ಅರ್ಧ ಬಡಾವಣೆಗಳಲ್ಲಿ ಸಾಲ ಕೊಡುವ ಸಂಸ್ಥೆ ಮೊದಲು ಶಾಖೆ ತೆರೆಯಿತು, ಉಳಿದರ್ಧದಲ್ಲಿ ತೆರೆಯಲಿಲ್ಲ. ಆಮೇಲೆ ಎರಡನ್ನೂ ಹೋಲಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶ ತಣ್ಣೀರು ಎರಚಿತು. ವ್ಯಾಪಾರಕ್ಕೆ ಹಾಕುವ ಬಂಡವಾಳ ಸ್ವಲ್ಪ ಏರಿತ್ತು. ಆದರೆ ಲಾಭ ಗಟ್ಟಿಯಾಗಿ ಏರಿದ್ದು ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಅಂಗಡಿಗಳಿಗೆ. ಆರೋಗ್ಯ, ಮಕ್ಕಳ ಓದು, ಮನೆಯಲ್ಲಿ ಹೆಂಗಸಿನ ಮಾತಿನ ತೂಕ, ಇವುಗಳಲ್ಲಿ ಎದ್ದು ಕಾಣುವ ಬದಲಾವಣೆ ಇರಲಿಲ್ಲ. ಒಂದು ಸಣ್ಣ ವಿಷಯ ಮಾತ್ರ ನನಗೆ ಇಷ್ಟವಾಯಿತು. ಸಾಲ ಸಿಕ್ಕ ಕಡೆ ಚಹಾ, ಪಾನ್, ಹಬ್ಬದ ಖರ್ಚು ಇಳಿದಿತ್ತು, ಮನೆಗೆ ಬಾಳಿಕೆ ಬರುವ ಸಾಮಾನು ಏರಿತ್ತು. ಜನ ಸಾಲ ಸಿಕ್ಕಿತು ಅಂತ ಪೋಲು ಮಾಡಿರಲಿಲ್ಲ.

ಇನ್ನು ಇದರ ಕತ್ತಲೆ ಬದಿ. 2010ರಲ್ಲಿ ಆಂಧ್ರದಲ್ಲಿ ವಸೂಲಿ ಕಿರುಕುಳ ಮಿತಿಮೀರಿ, ಆತ್ಮಹತ್ಯೆಯ ವರದಿಗಳು ಬಂದು, ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಹದಿನೈದು ವರ್ಷ ಆದ ಮೇಲೆ ನಮ್ಮಲ್ಲೂ ಅದೇ ಕಥೆ. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಹೊರಡಿಸಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆ ಹೊತ್ತಿಗೆ ಕೆಲವು ಊರುಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು.

ಆ ಸಾಲಗಳಲ್ಲಿ ಎಷ್ಟೋ ಕಾಗದದ ಮೇಲೆ "ಹೈನುಗಾರಿಕೆ", "ಹೊಲಿಗೆ ಉದ್ಯಮ" ಅಂತ ಇದ್ದವು. ಹಣ ಹೋಗಿದ್ದು ಆಸ್ಪತ್ರೆ ಬಿಲ್ಲಿಗೆ, ಕಾಲೇಜು ಫೀಸಿಗೆ, ಇನ್ನೊಂದು ಸಾಲದ ಕಂತಿಗೆ. ವಾರದ ಕಂತಿಗೆ ವಾರದ ಆದಾಯ ಬೇಕು. ಹಾಲು ಹಾಕುವವಳಿಗೆ ಡೇರಿಯಿಂದ ವಾರವೋ ಹದಿನೈದು ದಿನಕ್ಕೋ ದುಡ್ಡು ಬರುತ್ತದೆ, ಹೇಗೋ ಸರಿದೂಗುತ್ತದೆ. ಕುರಿ ಸಾಕಿದವಳಿಗೆ ಮರಿ ಬೆಳೆದು ಮಾರುವ ತನಕ ಏನೂ ಇಲ್ಲ. ಅವಳು ಮೊದಲ ವಾರದಿಂದಲೇ ಎಲ್ಲಿಂದ ಕಟ್ಟುತ್ತಾಳೆ? ಇಷ್ಟು ಸರಳ ಲೆಕ್ಕ ಹಾಕದೆ ಸಾಲ ಕೊಟ್ಟಿದ್ದು ಸಾಲಗಾರಳ ತಪ್ಪಲ್ಲ.

ಗುಂಪಿನ ಒತ್ತಡದ್ದೂ ಒಂದು ಮಾತು ಹೇಳಬೇಕು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ವಸೂಲಿ ಏಜೆಂಟ್ ಬರುವ ಮುಂಚೆ ಪಕ್ಕದ ಮನೆಯವಳೇ ಬಾಗಿಲು ತಟ್ಟುತ್ತಾಳೆ. ಎಷ್ಟೋ ವರ್ಷ ಒಟ್ಟಿಗೆ ನೀರು ತಂದವರು ಮಾತು ಬಿಟ್ಟ ಓಣಿಗಳಿವೆ.

ಸಬ್ಸಿಡಿ ಅಂದರೆ ಫ್ರೀ ದುಡ್ಡು ಅಲ್ವಾ? ತಗೊಂಡರೆ ತಪ್ಪೇನು?

ತಗೊಳ್ಳಿ, ತಪ್ಪಿಲ್ಲ. ಆದರೆ ಅದು ಹೇಗೆ ಬರುತ್ತದೆ ಅಂತ ತಿಳಿದುಕೊಳ್ಳಿ.

ಪಿಎಂಇಜಿಪಿ, ಅಂದರೆ ಸ್ವಂತ ಉದ್ಯಮಕ್ಕೆ ಸಬ್ಸಿಡಿ ಸಮೇತ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆ ನೋಡೋಣ. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆ ಆಗುತ್ತದೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಎಸ್‌ಸಿ, ಎಸ್‌ಟಿ, ಒಬಿಸಿ, ಅಲ್ಪಸಂಖ್ಯಾತರು ಮೊದಲಾದವರಿಗೆ ಶೇ 35 ಸಬ್ಸಿಡಿ. ಪೇಟೆಯಲ್ಲಿ ಶೇ 15 ಮತ್ತು ಶೇ 25. ನೀವು ಹಾಕಬೇಕಾದ ಸ್ವಂತ ಹಣ ಶೇ 10, ಮಹಿಳೆಯರು ಮತ್ತು ಉಳಿದ ವಿಶೇಷ ವರ್ಗದವರಿಗೆ ಶೇ 5.

ಆ ಸಬ್ಸಿಡಿ ನಿಮ್ಮ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಘಟಕ ನಡೆಯುತ್ತಿದೆ ಅಂತ ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಮಧ್ಯದಲ್ಲಿ ಬಾಗಿಲು ಹಾಕಿದರೆ ಸಬ್ಸಿಡಿಯೂ ಇಲ್ಲ, ಪೂರ್ತಿ ಸಾಲ ತಲೆ ಮೇಲೆ. "ಮೂವತ್ತೈದು ಪರ್ಸೆಂಟ್ ಮಾಫಿ" ಅಂತ ಹೇಳಿ ಕಮಿಷನ್ ಕೇಳುವ ಏಜೆಂಟರು ಈ ನಿಯಮ ಓದಿ ಹೇಳುವುದಿಲ್ಲ.

ಸಬ್ಸಿಡಿ ಆಸೆಗೆ ಯೋಜನಾ ವೆಚ್ಚ ಉಬ್ಬಿಸುವುದು ಇನ್ನೊಂದು ಚಾಳಿ. ನಾಲ್ಕು ಲಕ್ಷದ ಮಿಷನ್ ಸಾಕಿತ್ತು, ಎಂಟು ಲಕ್ಷದ ಕೊಟೇಶನ್ ತಂದರು. ಸಬ್ಸಿಡಿ ಜಾಸ್ತಿ ಆಯಿತು ನಿಜ, ಕಂತೂ ಜಾಸ್ತಿ ಆಯಿತು. ಮಿಷನ್ ಅರ್ಧ ದಿನ ಸುಮ್ನೆ ನಿಂತಿರುತ್ತದೆ, ಬಡ್ಡಿ ನಿಲ್ಲುವುದಿಲ್ಲ.

ಮುದ್ರಾ ಸಾಲಕ್ಕೆ ಜಾಮೀನು ಬೇಡ ಅಂತಾರೆ. ಕಟ್ಟದಿದ್ದರೂ ನಡೆಯುತ್ತದಾ?

ಇಲ್ಲ. ಸರ್ಕಾರದ ಖಾತರಿ ಇರುವುದು ಬ್ಯಾಂಕಿಗೆ, ನಿಮಗಲ್ಲ. ಅಡಮಾನ ಇಲ್ಲದಿದ್ದರೂ ಸಾಲ ನಿಮ್ಮದೇ.

ಮದುವೆ ಮಾರುಕಟ್ಟೆಯಲ್ಲಿ "ಸ್ವಂತ ಬಿಸಿನೆಸ್" ಅಂದರೆ ಹುಡುಗಿ ಕೊಡುತ್ತಾರಾ?

ನಗಬೇಡಿ, ಇದು ನನ್ನ ಹತ್ತಿರ ಬರುವ ಹುಡುಗರ ನಿಜವಾದ ಚಿಂತೆ. ಅಂಗಡಿಯಲ್ಲಿ ತಿಂಗಳಿಗೆ ಐವತ್ತು ಸಾವಿರ ಉಳಿಸುವವನಿಗಿಂತ, ಕಂಪನಿಯಲ್ಲಿ ಇಪ್ಪತ್ತೈದು ಸಾವಿರ ತಗೊಳ್ಳುವವನನ್ನು ಹೆಣ್ಣಿನ ಕಡೆಯವರು ಮೊದಲು ಕೇಳುತ್ತಾರೆ. ಅವರನ್ನೂ ಬೈಯಲಾಗುವುದಿಲ್ಲ. ಮಗಳಿಗೆ ಪ್ರತಿ ತಿಂಗಳೂ ಬರುವ ದುಡ್ಡು ಬೇಕು ಅನ್ನುವುದು ತಪ್ಪಾ? ಮೂರು ವರ್ಷದ ಐಟಿ ರಿಟರ್ನ್ಸ್ ಕೈಯಲ್ಲಿ ಇಟ್ಟುಕೊಳ್ಳಿ. ಬ್ಯಾಂಕಿಗೂ ಆಗುತ್ತದೆ, ಬೀಗರಿಗೂ ಆಗುತ್ತದೆ.

ಮನಸ್ಸಿನ ಮೇಲೆ ಏನು ಪರಿಣಾಮ? ಗೆದ್ದವರ ಕಥೆ ಮಾತ್ರ ಕೇಳುತ್ತೇವೆ.

2019ರ ಜುಲೈನಲ್ಲಿ ಕೆಫೆ ಕಾಫಿ ಡೇ ಕಟ್ಟಿದ ವಿ. ಜಿ. ಸಿದ್ಧಾರ್ಥ ಅವರ ಸಾವಿನ ಸುದ್ದಿ ಬಂದಾಗ ರಾಜ್ಯವೇ ಬೆಚ್ಚಿತ್ತು. ಚಿಕ್ಕಮಗಳೂರಿನ ಕಾಫಿಯನ್ನು ಊರೂರಿಗೆ ಕೊಂಡೊಯ್ದವರು, ಸಾವಿರಾರು ಜನರಿಗೆ ಕೆಲಸ ಕೊಟ್ಟವರು. ಅವರ ಹೆಸರಲ್ಲಿ ಹೊರಬಂದ ಪತ್ರದಲ್ಲಿ, ಉದ್ಯಮಿಯಾಗಿ ಸೋತೆ ಅನ್ನುವ ಅರ್ಥದ ಮಾತಿತ್ತು. ಅಂಥ ಸಾವಿಗೆ ಒಂದೇ ಕಾರಣ ಅಂತ ಇರುವುದಿಲ್ಲ, ಹೊರಗಿನವರು ತೀರ್ಪು ಕೊಡಬಾರದು. ಆದರೆ ಆ ದಿನಗಳಲ್ಲಿ ನನ್ನ ಪರಿಚಯದ ಸಣ್ಣ ಅಂಗಡಿಯವರು ಎಷ್ಟೋ ಜನ ಆ ಪತ್ರವನ್ನು ಮತ್ತೆ ಮತ್ತೆ ಓದಿದರು. ಅಂಕಿಯ ಹಿಂದಿನ ಸೊನ್ನೆಗಳು ಬೇರೆ, ಭಾವ ಅವರಿಗೆ ಗುರುತು ಸಿಕ್ಕಿತ್ತು. ಆಮೇಲೆ ಅವರ ಪತ್ನಿ ಮಾಳವಿಕಾ ಹೆಗ್ಡೆ 2020ರ ಡಿಸೆಂಬರಿನಲ್ಲಿ ಕಂಪನಿಯ ಹೊಣೆ ಹೊತ್ತು, ಸಾಲ ಇಳಿಸುತ್ತಾ ಬಂದರು.

ಸಣ್ಣ ಉದ್ಯಮಿಯ ಒತ್ತಡದ ಮುಖ ಬೇರೆ. ರಜೆ ಇಲ್ಲ. ಜ್ವರ ಬಂದರೆ ಅಂಗಡಿ ಬಂದ್, ಆ ದಿನದ ದುಡಿಮೆ ಇಲ್ಲ. ನೆಂಟರ ಮುಂದೆ "ಚೆನ್ನಾಗಿ ನಡೀತಿದೆ" ಅನ್ನಲೇಬೇಕು, ಇಲ್ಲದಿದ್ದರೆ ಕೈಸಾಲ ಕೊಟ್ಟವರು ನಾಳೆಯೇ ಬರುತ್ತಾರೆ. ಕಷ್ಟ ಹೇಳಿಕೊಳ್ಳಲು ಸಹೋದ್ಯೋಗಿ ಇಲ್ಲ. ಹೆಂಡತಿಗೆ ಹೇಳಿದರೆ ಅವಳಿಗೂ ನಿದ್ದೆ ಹೋಗುತ್ತದೆ ಅಂತ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದು ಒಂದಲ್ಲ ಒಂದು ದಿನ ಬ್ಯಾಂಕಿನ ನೋಟಿಸ್ ಆಗಿ ಮನೆ ಬಾಗಿಲಿಗೆ ಬರುತ್ತದೆ.

ಉತ್ತೇಜನದ ಭಾಷೆಯೂ ಇದಕ್ಕೆ ಕಾರಣ. "ಮನಸ್ಸು ಮಾಡಿದರೆ ಯಾರು ಬೇಕಾದರೂ ಗೆಲ್ಲಬಹುದು" ಅಂತ ವೇದಿಕೆಯಿಂದ ಹೇಳಿದರೆ, ಸೋತವನು ಮನಸ್ಸೇ ಮಾಡಲಿಲ್ಲ ಅಂತ ಆಯಿತಲ್ಲ? ಮಳೆ ಬಾರದ್ದು, ರಸ್ತೆ ಅಗೆದು ಆರು ತಿಂಗಳು ಗಿರಾಕಿ ಬಾರದ್ದು, ದೊಡ್ಡ ಗಿರಾಕಿ ಹಣ ಕೊಡದೇ ಹೋದದ್ದು ಅವನ ತಪ್ಪಾ? ಇಂಥ ಭಾಷಣ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ನಿದ್ದೆ ಹೋಗಿದೆ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಲ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ. ಬ್ಯಾಂಕಿನವರ ಜೊತೆ ಕೂತು ಕಂತು ಹಿಗ್ಗಿಸಿಕೊಂಡವರನ್ನು ನಾನೇ ನೋಡಿದ್ದೇನೆ.

ವ್ಯಾಪಾರ ಮುಳುಗಿದರೆ ಕಾನೂನು ಕೈ ಹಿಡಿಯುತ್ತದಾ?

ದೊಡ್ಡ ಕಂಪನಿಗೆ ಹಿಡಿಯುತ್ತದೆ. 2016ರ ದಿವಾಳಿ ಸಂಹಿತೆ ಅವರಿಗೆ ಒಂದು ದಾರಿ ಮಾಡಿಕೊಟ್ಟಿದೆ. ಅದೇ ಕಾಯ್ದೆಯಲ್ಲಿ ಸಾಮಾನ್ಯ ವ್ಯಕ್ತಿಗಳಿಗೂ ಅಧ್ಯಾಯಗಳಿವೆ. ಆದರೆ ಅವನ್ನು 2019ರಲ್ಲಿ ಜಾರಿ ಮಾಡಿದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ. ಕಿರಾಣಿ ಅಂಗಡಿ ಮುಳುಗಿಸಿಕೊಂಡವನ ಪಾಲಿಗೆ ಇರುವುದು ಬ್ರಿಟಿಷರ ಕಾಲದ, 1920ರ ದಿವಾಳಿ ಕಾಯ್ದೆ.

ನಮ್ಮಲ್ಲಿ ಬಹುತೇಕ ಸಣ್ಣ ಉದ್ಯಮಗಳು ಒಬ್ಬರ ಮಾಲೀಕತ್ವದವು. ಕಾನೂನಿನ ಕಣ್ಣಲ್ಲಿ ಅಂಗಡಿ ಬೇರೆ, ನೀವು ಬೇರೆ ಅಂತ ಇಲ್ಲ. ಅಂಗಡಿಯ ಸಾಲಕ್ಕೆ ನಿಮ್ಮ ಸ್ಕೂಟರ್, ನಿಮ್ಮ ಸೈಟು ಎಲ್ಲವೂ ಉತ್ತರ ಕೊಡಬೇಕು. "ರಿಸ್ಕ್ ತಗೊಳ್ಳಿ" ಅಂತ ಹೇಳುವ ಸರ್ಕಾರ, ಬಿದ್ದವರು ಗೌರವದಿಂದ ಎದ್ದು ಬರುವ ದಾರಿಯನ್ನೂ ಹಾಕಿಕೊಡಬೇಕಿತ್ತು. ಉತ್ತೇಜನದ ದೊಡ್ಡ ಕೊರತೆ ಇದೇ ಅಂತ ನನ್ನ ಅಭಿಪ್ರಾಯ.

ಉದ್ರಿ ಕೊಡದೆ ವ್ಯಾಪಾರ ಆಗುವುದಿಲ್ಲ, ಕೊಟ್ಟರೆ ಸಂಬಂಧ ಹಾಳು. ಏನು ಮಾಡುವುದು?

"ಇವತ್ತು ನಗದು, ನಾಳೆ ಉದ್ರಿ" ಬೋರ್ಡು ಯಾರಿಗೂ ಕೆಲಸ ಮಾಡಿಲ್ಲ. ಊರಿನಲ್ಲಿ ಅಂಗಡಿ ಇಟ್ಟವನು ಮಾವನಿಗೆ, ಮೇಷ್ಟ್ರಿಗೆ, ಪಂಚಾಯಿತಿ ಸದಸ್ಯರಿಗೆ ಇಲ್ಲ ಅನ್ನಲಾರ. ಉದ್ರಿ ವಹಿಯಲ್ಲಿ ಹೆಸರಿದ್ದವರು ನಿಧಾನಕ್ಕೆ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಡುತ್ತಾರೆ. ಅಂಗಡಿಯವನಿಗೆ ದುಡ್ಡೂ ಹೋಯಿತು, ಗಿರಾಕಿಯೂ ಹೋದ.

ಗಿರಾಕಿ ಕಂಪನಿ ಆಗಿದ್ದರೆ ಮಾತು ಬೇರೆ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ತಯಾರಕರಿಗೆ, ಸೇವೆ ಕೊಟ್ಟವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಲೇಬೇಕು. ತಪ್ಪಿದರೆ ಚಕ್ರಬಡ್ಡಿ. ಅದಕ್ಕೆ ನಿಮ್ಮ ಹತ್ತಿರ ಸರ್ಕಾರದ 'ಉದ್ಯಮ್' ನೋಂದಣಿ ಇರಬೇಕು. ಅದು ಪೂರ್ತಿ ಉಚಿತ, ಸೈಬರ್ ಸೆಂಟರಿನವರು ಸಾವಿರ ಕೇಳಿದರೆ ಎದ್ದು ಬನ್ನಿ. ಆದರೆ ಇನ್ನೊಂದು ಸತ್ಯವೂ ಇದೆ. ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟರೆ ಮುಂದಿನ ಆರ್ಡರ್ ಸಿಗುವುದಿಲ್ಲ ಅನ್ನುವ ಹೆದರಿಕೆಗೆ ಬಹಳ ಜನ ಸುಮ್ಮನಿರುತ್ತಾರೆ.

ಸ್ವಂತ ಉದ್ಯಮ ಮಾಡಿದರೆ ಜಾತಿಯ ಅಡ್ಡಿ ದಾಟಬಹುದಾ?

ಸ್ವಲ್ಪ ಮಟ್ಟಿಗೆ, ಮತ್ತು ಯಾವ ಉದ್ಯಮ ಅನ್ನುವುದರ ಮೇಲೆ. ಪೇಟೆಯಲ್ಲಿ ವೆಲ್ಡಿಂಗ್, ಮೊಬೈಲ್ ರಿಪೇರಿ ಮಾಡುವವನ ಜಾತಿ ಯಾರೂ ಕೇಳುವುದಿಲ್ಲ. ಹಳ್ಳಿಯಲ್ಲಿ ದಲಿತ ಕುಟುಂಬ ಟೀ ಅಂಗಡಿ ಇಟ್ಟರೆ ಕೇಳುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ, ಬರುವುದಿಲ್ಲ ಅಷ್ಟೇ. ಹಾಲು, ಊಟ, ತಿಂಡಿಯ ವ್ಯಾಪಾರದಲ್ಲಿ ಈ ಗೋಡೆ ಗಟ್ಟಿ. ಅದೇ ಕುಟುಂಬ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನ ಹತ್ತಿರ ಅದೇ ಟೀ ಮಾರಿದರೆ ಜನ ಕ್ಯೂ ನಿಲ್ಲುತ್ತಾರೆ.

2016ರ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲಿ ಎಸ್‌ಸಿ, ಎಸ್‌ಟಿ ಮತ್ತು ಮಹಿಳೆಯರಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಇತ್ತು. ಪುಣೆಯಲ್ಲಿ 2005ರಲ್ಲಿ ಹುಟ್ಟಿದ ದಲಿತ ಉದ್ಯಮಿಗಳ ಸಂಘಟನೆ 'ಡಿಕ್ಕಿ'ಯೂ ದನಿ ಎತ್ತುತ್ತಾ ಬಂದಿದೆ. ಸಾಲ ಸಿಗುವುದು ಒಂದು ಕಷ್ಟ. ಬಾಡಿಗೆಗೆ ಮಳಿಗೆ ಸಿಗುವುದು, ಸಗಟು ವ್ಯಾಪಾರಿ ನಂಬಿ ಮಾಲು ಕೊಡುವುದು ಅದಕ್ಕಿಂತ ದೊಡ್ಡ ಕಷ್ಟ. ಆ ನಂಬಿಕೆ ನಮ್ಮಲ್ಲಿ ಇನ್ನೂ ನೆಂಟಸ್ತನದ ಜಾಡಿನಲ್ಲೇ ಹರಿಯುತ್ತದೆ. ಬಾಡಿಗೆ, ಮಾಲಿನ ವಿಷಯ ಯಾವ ಅರ್ಜಿ ನಮೂನೆಯಲ್ಲೂ ಬರುವುದಿಲ್ಲ.

ಒಬ್ಬರು ಗೆದ್ದರೆ ಊರಿಗೆ ಒಳ್ಳೆಯದಾ?

ಒಳ್ಳೆಯದೇ. ಆದರೆ ಒಬ್ಬ ಗೆದ್ದದ್ದನ್ನು ನೋಡಿ ಹತ್ತು ಜನ ಅದನ್ನೇ ಶುರು ಮಾಡುತ್ತಾರೆ. ತರಬೇತಿ ಕೇಂದ್ರಗಳೂ ಅದಕ್ಕೆ ಗಾಳಿ ಹಾಕುತ್ತವೆ: ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ, ಮತ್ತದೇ ಹೊಲಿಗೆ. ಮುನ್ನೂರು ಮನೆಯ ಊರಿಗೆ ಎಷ್ಟು ಟೈಲರ್ ಬೇಕು? ರೇಟು ಇಳಿಯುತ್ತದೆ, ಹೊಸಬರೂ ಹಳಬರೂ ಒಟ್ಟಿಗೆ ಸೊರಗುತ್ತಾರೆ. ಊರಿನಲ್ಲಿ ಯಾವುದು ಇಲ್ಲ ಅಂತ ಮೊದಲು ನೋಡಿ. ಪಂಪ್‌ಸೆಟ್ ಮೋಟಾರ್ ಸುತ್ತುವವನಿಗೆ ಕಾಯುತ್ತಾ ಬೆಳೆ ಒಣಗುತ್ತಿರುವ ಊರಿನಲ್ಲಿ ಐದನೇ ಪಾರ್ಲರ್ ಯಾಕೆ?

ಇನ್ನು ಉದ್ಯೋಗ ಕೊಡುವ ಮಾತು. ಸಣ್ಣ ಘಟಕಗಳಲ್ಲಿ ಮೊದಲ "ನೌಕರ" ಹೆಂಡತಿ, ಎರಡನೆಯವನು ಶಾಲೆಯಿಂದ ಬಂದ ಮಗ. ಮಕ್ಕಳು ಗಲ್ಲಾ ಮೇಲೆ ಕೂತು ಲೆಕ್ಕ ಕಲಿಯುವುದು ಒಳ್ಳೆಯದು. ಪರೀಕ್ಷೆಯ ಹಿಂದಿನ ದಿನವೂ ಕೂರಿಸಿದರೆ ಅಲ್ಲ.

ಬೆಂಗಳೂರಿನ ಸ್ಟಾರ್ಟಪ್‌ಗಳಿಂದ ಸಾಮಾನ್ಯರಿಗೆ ಏನಾಯಿತು?

ಕರ್ನಾಟಕ 2015ರಲ್ಲೇ ಸ್ಟಾರ್ಟಪ್ ನೀತಿ ತಂದಿತು, ಕೇಂದ್ರದ ಸ್ಟಾರ್ಟಪ್ ಇಂಡಿಯಾ ಬಂದಿದ್ದು 2016ರ ಜನವರಿಯಲ್ಲಿ. ಓದಿದ ಹುಡುಗ ಹುಡುಗಿಯರಿಗೆ ದೊಡ್ಡ ಬಾಗಿಲು ತೆರೆಯಿತು. ಮನೆಬಾಗಿಲಿಗೆ ಊಟ ತರುವ ಸಾವಿರಾರು ಯುವಕರಿಗೆ ಕೆಲಸವೂ ಸಿಕ್ಕಿತು. ಆದರೆ ಆ ಕೆಲಸದಲ್ಲಿ ಪಿಎಫ್ ಇಲ್ಲ, ಬಿದ್ದು ಕಾಲು ಮುರಿದರೆ ಸಂಬಳ ಇಲ್ಲ, ಬೈಕು ಪೆಟ್ರೋಲು ಅವರದೇ. ಅಲ್ಲೂ ಉದ್ಯಮದ ಅಪಾಯದ ಒಂದು ಪಾಲು ಡೆಲಿವರಿ ಹುಡುಗನ ಮನೆಗೆ ಬಂದು ಕೂತಿದೆ. 2025ರಲ್ಲಿ ರಾಜ್ಯ ಇವರಿಗಾಗಿ ಕಾಯ್ದೆ ತಂದಿದೆ. ಕಂಪನಿಗಳು ಇವರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು.

ವ್ಯಾಪಾರ ಜಾಸ್ತಿ ಆದರೆ ಟ್ಯಾಕ್ಸ್ ನೋಟಿಸ್ ಬರುತ್ತದೆ ಅಂತ ಭಯ. ಸಣ್ಣದಾಗೇ ಇರೋಣವಾ?

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಹರಿದು "ನಗದು ಮಾತ್ರ" ಅಂತ ಬರೆದು ಅಂಟಿಸಿದ್ದರು. ಒಂದು ಕಡೆ ಡಿಜಿಟಲ್ ಆಗಿ ಅಂತ ಹುರಿದುಂಬಿಸಿ, ಇನ್ನೊಂದು ಕಡೆ ಅದೇ ದಾಖಲೆ ಹಿಡಿದು ಕೇಳಿದರೆ ಜನ ಹೆದರುತ್ತಾರೆ ತಾನೇ?

ನಿಯಮ ಏನು ಅಂದರೆ, ವರ್ಷದ ವಹಿವಾಟು ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ವಹಿವಾಟು, ಲಾಭ ಅಲ್ಲ. ಮನೆಗೆ ಬಂದ ದುಡ್ಡು, ತಮ್ಮ ಕಳಿಸಿದ ದುಡ್ಡು, ಅಂಗಡಿ ದುಡ್ಡು ಎಲ್ಲ ಒಂದೇ ಫೋನ್ ನಂಬರಿಗೆ ಬರುತ್ತಿದ್ದರೆ ಆಮೇಲೆ ಬಿಡಿಸಿ ತೋರಿಸುವುದು ಕಷ್ಟ. ಅಂಗಡಿಗೆ ಬೇರೆ ಖಾತೆ ಮಾಡಿಕೊಳ್ಳಿ. ಭಯಕ್ಕೆ ಸಣ್ಣದಾಗಿ ಉಳಿದರೆ ಬ್ಯಾಂಕು ನಿಮ್ಮನ್ನು ಯಾವತ್ತೂ ಸಣ್ಣವರಾಗೇ ನೋಡುತ್ತದೆ.

ಶುರು ಮಾಡುವ ಮುಂಚೆ ಮನೆಯಲ್ಲಿ ಏನು ಮಾತಾಡಬೇಕು?

ನಾನು ಬಂದವರಿಗೆಲ್ಲ ಕೇಳುವುದು ಇವು. ಮೊದಲ ಆರು ತಿಂಗಳು ಏನೂ ಬರದಿದ್ದರೆ ಅಕ್ಕಿ, ಬಾಡಿಗೆ, ಫೀಸು ಎಲ್ಲಿಂದ? ಮನೆಯಲ್ಲಿ ಇನ್ನೊಬ್ಬರಿಗೆ ಸಂಬಳ ಇದೆಯಾ? ಎಷ್ಟು ನಷ್ಟ ಆದರೆ ನಿಲ್ಲಿಸುತ್ತೀರಿ? ಕೊನೆಯ ಪ್ರಶ್ನೆಗೆ ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. "ಅಪಶಕುನ ಮಾತಾಡಬೇಡಿ ಸಾರ್" ಅಂದವರೂ ಇದ್ದಾರೆ. ಒಂದು ಅಂಕಿ ಬರೆದಿಟ್ಟು ಗಂಡ ಹೆಂಡತಿ ಇಬ್ಬರೂ ನೋಡಿರಲಿ. ತಾಳಿ ಅಡ ಇಡುವ ಮುಂಚೆ ನಿಲ್ಲಬೇಕು ಅಂದರೆ ಆ ಅಂಕಿ ಅದಕ್ಕಿಂತ ಮೊದಲೇ ಇರಬೇಕು.

ನಮ್ಮ ಅಮ್ಮನಿಗೆ 55 ವರ್ಷ. ಮಕ್ಕಳೆಲ್ಲ ಸೆಟ್ಲ್ ಆದೆವು. ಈಗ ಉಪ್ಪಿನಕಾಯಿ ಮಾಡಿ ಮಾರುತ್ತೇನೆ ಅಂತಾರೆ. ಬೇಡ ಅನ್ನಲಾ?

ಯಾಕೆ ಅನ್ನುತ್ತೀರಿ? ತರಬೇತಿ ಕೇಂದ್ರಗಳಲ್ಲಿ ವಯಸ್ಸಿನ ಮಿತಿ ಇರುತ್ತದೆ, ಆದರೆ ಪಿಎಂಇಜಿಪಿ ಸಾಲಕ್ಕೆ 18 ತುಂಬಿದ್ದರೆ ಸಾಕು, ಮೇಲಿನ ಮಿತಿ ಇಲ್ಲ. ಅಮ್ಮನಿಗೆ ಸಾಲವೇ ಬೇಕಾಗಿಲ್ಲದಿರಬಹುದು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ) ನೋಂದಣಿ ಮಾಡಿಸಿ, ಒಂದು ಡಿಜಿಟಲ್ ತಕ್ಕಡಿ ತಂದುಕೊಡಿ, ಲೇಬಲ್ ಮೇಲೆ ತಯಾರಿಸಿದ ದಿನಾಂಕ ಹಾಕುವುದನ್ನು ತೋರಿಸಿ. ಮೊದಲ ತಿಂಗಳು ನೆಂಟರಿಗೆಲ್ಲ ಸುಮ್ನೆ ಹಂಚುತ್ತಾರೆ, ಅದನ್ನು ಖರ್ಚಿನಲ್ಲಿ ಬರೆದುಕೊಳ್ಳಿ. ಎರಡನೇ ತಿಂಗಳಿಂದ ನೀವೂ ಬಾಟಲಿಗೆ ದುಡ್ಡು ಕೊಡಿ.